ನಾಲ್ಕು ಹಳೆಯ ಪ್ಯಾನಲ್ ಕೊಟ್ಟವರಿಗೆ, ಬ್ಯಾಟರಿ ನೋಡಿಕೊಳ್ಳಲು ಕಲಿಸಿದವರಿಗೆ

ಈ ಬಾರಿಯ ಪುಷ್ಯ ಮಳೆಯಲ್ಲಿ ಹೊಸನಗರ ತಾಲ್ಲೂಕಿನ ನಮ್ಮ ಹಳ್ಳಿಗೆ ಬರುವ ವಿದ್ಯುತ್ ಮಾರ್ಗದ ಮೇಲೆ ದೊಡ್ಡ ಮರವೊಂದು ಉರುಳಿ, ಸಾಲಾಗಿ ಕಂಬಗಳು ಮುರಿದು, ಹನ್ನೊಂದು ದಿನ ಕರೆಂಟ್ ಇರಲಿಲ್ಲ. ಉಬ್ಬಸದಿಂದ ಬಳಲುವ ನಮ್ಮ ಅತ್ತೆಯವರಿಗೆ ದಿನಕ್ಕೆ ಮೂರು ಬಾರಿ ನೆಬ್ಯುಲೈಜರ್, ಅಂದರೆ ಔಷಧವನ್ನು ಮಂಜಿನಂತೆ ಮಾಡಿ ಉಸಿರಿನೊಂದಿಗೆ ಕೊಡುವ ಯಂತ್ರ, ಹಿಡಿಯಬೇಕು. ಆ ಹನ್ನೊಂದು ದಿನಗಳಲ್ಲಿ ಒಂದು ಹೊತ್ತೂ ಅದು ತಪ್ಪಲಿಲ್ಲ. ಅದಕ್ಕೆ ಕಾರಣರಾದವರನ್ನು ಹೆಸರು ಹೇಳಿ ಮುಜುಗರಕ್ಕೆ ಈಡುಮಾಡುವುದು ಬೇಡವೆಂದು ಹೆಸರುಗಳನ್ನು ಬಿಟ್ಟಿದ್ದೇನೆ. ಓದಿದರೆ ಅವರಿಗೇ ತಿಳಿಯುತ್ತದೆ.

ಇದೆಲ್ಲ ಶುರುವಾದದ್ದು ಆ ಮಳೆಗೂ ಮೊದಲೇ. ಮೊದಲನೆಯದಾಗಿ, ತಮ್ಮ ಹಾಸ್ಟೆಲ್ಲಿನ ಚಾವಣಿಗೆ ಹೊಸ ಸೋಲಾರ್ ಅಳವಡಿಸಿದಾಗ ಕೆಳಗಿಳಿಸಿದ 75 ವಾಟ್‌ನ ನಾಲ್ಕು ಹಳೆಯ ಪ್ಯಾನಲ್‌ಗಳನ್ನು ಗುಜರಿಗೆ ಹಾಕದೆ, ಕಂಬಳಿ ಸುತ್ತಿ, ಪಿಕಪ್ ಗಾಡಿಯಲ್ಲಿ ನಮ್ಮ ಅಂಗಳದವರೆಗೆ ತಂದುಕೊಟ್ಟವರಿಗೆ ನಾನು ಋಣಿ. ಅವರು ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ, ಗಾಡಿಯ ಬಾಡಿಗೆಯನ್ನೂ ಕೇಳಲಿಲ್ಲ.

ಆದರೆ ಪ್ಯಾನಲ್ ಬಂದ ಮಾತ್ರಕ್ಕೆ ದೀಪ ಉರಿಯುವುದಿಲ್ಲ ಎನ್ನುವುದು ನನಗೆ ಆಗ ತಿಳಿದಿರಲಿಲ್ಲ. ಸಂಬಂಧಿಕರ ಮನೆಯಲ್ಲಿದ್ದ ಹಳೆಯ ಕಾರಿನ ಬ್ಯಾಟರಿಯೊಂದನ್ನು ತಂದು, ಅದರಿಂದ ಎರಡು ದೀಪ ಉರಿಸಿ, ಅವು ಮಂಕಾಗಿ ತಾವೇ ಆರುವವರೆಗೂ ಬಿಟ್ಟೆ. ಆಮೇಲೆ ಮೋಡದ ನೆವದಲ್ಲಿ ಮೂರು ವಾರ ಅದನ್ನು ಹಾಗೆಯೇ ಇಟ್ಟೆ. ಖಾಲಿಯಾದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ, ಬಹಳ ದಿನ ಬಿಟ್ಟರೆ ಅದು ಗಟ್ಟಿಯಾಗಿ ಮತ್ತೆ ಕರಗುವುದೇ ಇಲ್ಲ. ಬಿಸಿಲು ಬಂದ ಮೇಲೆ ಚಾರ್ಜ್ ಮಾಡಿ ಅಳೆದರೆ ಮೀಟರ್ 12.6 ವೋಲ್ಟ್ ತೋರಿಸುತ್ತಿತ್ತು, ನೆಬ್ಯುಲೈಜರ್ ಹಾಕಿದ ಕ್ಷಣ 9ಕ್ಕೆ ಕುಸಿಯುತ್ತಿತ್ತು. ಅತ್ತೆಯವರು ಮಾಸ್ಕ್ ಮುಖಕ್ಕೆ ಹಿಡಿದುಕೊಂಡು ಕಾಯುತ್ತಿದ್ದರು. ಯಂತ್ರ ಒಮ್ಮೆ ಗುರ್ರೆಂದು ನಿಂತುಹೋಯಿತು. ಆ ಸಂಜೆಯನ್ನು ನಾನು ಮರೆಯಲಾರೆ.

ಮರುದಿನ ನಾನು ಹೋದದ್ದು, ಸೇವೆಯಲ್ಲಿದ್ದಷ್ಟು ಕಾಲ ದೂರವಾಣಿ ವಿನಿಮಯ ಕೇಂದ್ರದಲ್ಲಿದ್ದು ಈಗ ನಿವೃತ್ತರಾಗಿರುವ, ಊರವರೆಲ್ಲ ಮಾವ ಎಂದು ಕರೆಯುವ ಹಿರಿಯರ ಬಳಿಗೆ. ಕರೆಂಟ್ ಹೋದರೂ ಟೆಲಿಫೋನ್ ಸತ್ತುಹೋಗದಂತೆ ಕೇಂದ್ರಗಳಲ್ಲಿ 2 ವೋಲ್ಟ್‌ನ 24 ಸೆಲ್‌ಗಳನ್ನು ಸಾಲಾಗಿ ಜೋಡಿಸಿ 48 ವೋಲ್ಟ್ ಇಟ್ಟಿರುತ್ತಿದ್ದರು. ಆ ಬ್ಯಾಟರಿ ಕೋಣೆಯನ್ನು ನೋಡಿಕೊಂಡವರು ಅವರು. ನನ್ನ ಕಥೆಯನ್ನೆಲ್ಲ ಕೇಳಿ, ಬೈಯದೆ, "ಅಮ್ಮಾ, ಪ್ಯಾನಲ್ ನೋಡ್ಬೇಡ, ಮೊದ್ಲು ಬ್ಯಾಟರಿ ನೋಡೋದು ಕಲಿ" ಎಂದರು. ಮುಂದಿನ ಎರಡು ತಿಂಗಳು ವಾರಕ್ಕೊಮ್ಮೆ ತಾವೇ ನಡೆದು ಬಂದರು.

ಅವರು ಮೊದಲು ನಾಲ್ಕು ಪ್ಯಾನಲ್‌ಗಳನ್ನೂ ಬಿಸಿಲಿಗೆ ಒರಗಿಸಿ ಒಂದೊಂದನ್ನೇ ಅಳೆದರು. ಮೂರು ಪ್ಯಾನಲ್‌ಗಳು 21 ವೋಲ್ಟ್ ತೋರಿಸಿದವು, ನಾಲ್ಕನೆಯದು ಹತ್ತೂವರೆ. ಅದು ಹಾಳಾಗಿದೆ ಎಂದು ನಾನು ಪಕ್ಕಕ್ಕಿಡಲು ಹೋದಾಗ ತಡೆದು, ಬೆನ್ನಿನ ಕಪ್ಪು ಪೆಟ್ಟಿಗೆಯ ಮುಚ್ಚಳ ತೆಗೆಯಿಸಿದರು. ಒಳಗೆ ಜೇಡನ ಬಲೆಯ ಹಿಂದೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಡಯೋಡ್‌ಗಳಿದ್ದವು. ಒಂದರ ಮೈ ಕರಿಬಿದ್ದಿತ್ತು. ಆ ಡಯೋಡ್ ಶಾರ್ಟ್ ಆಗಿದ್ದರಿಂದ 36 ಸೆಲ್‌ಗಳಲ್ಲಿ ಅರ್ಧ ಲೆಕ್ಕಕ್ಕೇ ಇಲ್ಲವಾಗಿತ್ತು. ಸಾಗರದ ರೇಡಿಯೋ ರಿಪೇರಿ ಅಂಗಡಿಯವರು ಹೊಸ ಡಯೋಡ್ ಕೊಟ್ಟು ಬೆಸುಗೆಯನ್ನೂ ಹಾಕಿಕೊಟ್ಟರು. ನಾಲ್ಕನೆಯ ಪ್ಯಾನಲ್ ಕೂಡ 21ಕ್ಕೆ ಏರಿದಾಗ ನನಗಾದ ಸಂತೋಷವನ್ನು ಅವರು ನೋಡಬೇಕಿತ್ತು.

ಕಾರಿನ ಬ್ಯಾಟರಿಯನ್ನು ಅಂಗಡಿಗೆ ಕೊಟ್ಟು, ಅದರ ಸೀಸದ ಬೆಲೆ ಕಳೆದು, 100 ಆಂಪಿಯರ್-ಅವರ್‌ನ (ಅಂದರೆ ಲೆಕ್ಕಕ್ಕೆ ಒಂದು ಆಂಪಿಯರ್‌ನಂತೆ ನೂರು ಗಂಟೆ ಕೊಡುವಷ್ಟು) ಟ್ಯೂಬುಲರ್ ಬ್ಯಾಟರಿ ತಂದೆವು. ಕಾರಿನ ಬ್ಯಾಟರಿ ಇಂಜಿನ್ ಚಾಲೂ ಮಾಡುವ ಒಂದು ಕ್ಷಣದ ರಭಸಕ್ಕಾಗಿ ಮಾಡಿದ್ದು, ದಿನವೂ ಇಳಿದು ಏರುವ ಕೆಲಸ ಅದರದ್ದಲ್ಲ ಎಂದು ಮಾವ ವಿವರಿಸಿದರು. ಪ್ಯಾನಲ್‌ನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಚಾರ್ಜ್ ಕಂಟ್ರೋಲರ್‌ಗೆ ಯಾವಾಗಲೂ ಬ್ಯಾಟರಿಯ ತಂತಿ ಮೊದಲು, ಪ್ಯಾನಲ್‌ನದು ನಂತರ. ಬಿಚ್ಚುವಾಗ ಇದರ ತಿರುಗುಮುರುಗು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್‌ಗೆ ಕಿಡಿ ತಾಗಬಾರದೆಂದು, ದೇವರ ಕೋಣೆಯ ಪಕ್ಕ ನಾನು ಇಟ್ಟಿದ್ದ ಬ್ಯಾಟರಿಯನ್ನು ಗಾಳಿಯಾಡುವ ಜಗುಲಿಯ ಮೂಲೆಗೆ ಸಾಗಿಸಿದರು. ಬಾವಿಯ ನೀರು ಎಷ್ಟೇ ತಿಳಿಯಾಗಿದ್ದರೂ ಬ್ಯಾಟರಿಗೆ ಸಲ್ಲದು, ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು ಎಂದು ಅವರು ಹೇಳಿದ್ದನ್ನು ಇಂದಿಗೂ ಪಾಲಿಸುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾಗಿ ಅವರು ಲೆಕ್ಕ ಕಲಿಸಿದರು. ನೆಬ್ಯುಲೈಜರ್ ಹತ್ತು ಹತ್ತು ನಿಮಿಷದಂತೆ ಮೂರು ಬಾರಿಗೆ, ಇನ್ವರ್ಟರ್ ನುಂಗುವುದೂ ಸೇರಿ, ಏಳೂವರೆ ಆಂಪಿಯರ್-ಅವರ್. 5 ವಾಟ್‌ನ ಮೂರು ದೀಪ ನಾಲ್ಕು ಗಂಟೆ ಉರಿದರೆ 5. ಒಟ್ಟು ಹನ್ನೆರಡೂವರೆ. ಬ್ಯಾಟರಿಯ ಅರ್ಧವನ್ನು ಮಾತ್ರ ನಮ್ಮದೆಂದು ತಿಳಿಯಬೇಕು, ಉಳಿದರ್ಧ ಬ್ಯಾಟರಿಯದ್ದೇ. ಬೆಳಿಗ್ಗೆ ಬಿಸಿಲು ಬೀಳುವ ಮುನ್ನ, ಯಾವ ಸ್ವಿಚ್ಚನ್ನೂ ಹಾಕದೆ ಅಳೆದಾಗ 12.7 ಇದ್ದರೆ ತುಂಬಿದೆ, 12.2ಕ್ಕೆ ಬಂದರೆ ಅರ್ಧವಾಗಿದೆ. ಅಂದಿನಿಂದ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೆ ದಿನವೂ ಈ ಅಂಕಿಯನ್ನು ಬರೆಯುತ್ತಾ ಬಂದಿದ್ದೇನೆ.

ಪಕ್ಕದ ಮನೆಯ ಅಣ್ಣನವರಿಗೂ ನಾನು ಕೃತಜ್ಞಳು. ಅವರ ಹಲಸಿನ ಮರದ ಕೊಂಬೆಯೊಂದರ ನೆರಳು ಮಧ್ಯಾಹ್ನ ಎರಡರ ನಂತರ ಪ್ಯಾನಲ್‌ಗಳ ಒಂದೇ ಒಂದು ಮೂಲೆಗೆ ಬೀಳುತ್ತಿತ್ತು. ಸೆಲ್‌ಗಳೆಲ್ಲ ಸರಪಳಿಯಂತೆ ಜೋಡಿಸಿರುವುದರಿಂದ ಅಷ್ಟು ನೆರಳಿಗೇ ಕರೆಂಟ್ ಬಹಳ ಇಳಿಯುತ್ತಿತ್ತು. ಕಾಯಿ ಬಿಡುವ ಕೊಂಬೆ, ಕೇಳಲು ಸಂಕೋಚವಾಗಿತ್ತು. ನಾನು ಬಾಯಿಬಿಡುವ ಮೊದಲೇ ಅವರು ಕತ್ತಿ ಹಿಡಿದು ಮರ ಹತ್ತಿದ್ದರು. ದಪ್ಪ ತಾಮ್ರದ ತಂತಿಯನ್ನು "ಅಡಿಕೆ ಮಾರಿದ ಮೇಲೆ ಕೊಡಿ" ಎಂದು ಕೊಟ್ಟ ಪೇಟೆಯ ಅಂಗಡಿಯವರಿಗೂ ನಮಸ್ಕಾರ. ಆ ಬಾಕಿ ತೀರಿದೆ.

ಇನ್ನು ಆ ಹನ್ನೊಂದು ದಿನ. ಒಳ್ಳೆಯ ಬಿಸಿಲಿನಲ್ಲಿ 15 ಆಂಪಿಯರ್ ಕೊಡುವ ಪ್ಯಾನಲ್‌ಗಳು ಪುಷ್ಯದ ಮೋಡದಡಿಯಲ್ಲಿ ನಡುಹಗಲಿಗೂ ಒಂದೂವರೆ ಕೊಡುತ್ತಿದ್ದವು. ದಿನಕ್ಕೆ ಬರುತ್ತಿದ್ದುದು 7 ಆಂಪಿಯರ್-ಅವರ್, ಹೋಗುತ್ತಿದ್ದುದು ಹನ್ನೆರಡೂವರೆ. ಕ್ಯಾಲೆಂಡರಿನ ಮನೆಗಳಲ್ಲಿ ಅಂಕಿ ಇಳಿಯುತ್ತಾ ಐದನೆಯ ದಿನ 12.4ಕ್ಕೆ ಬಂತು. ಅಂದೇ ಅಡುಗೆಮನೆಯ ದೀಪ ನಿಲ್ಲಿಸಿ ಒಲೆಯ ಬೆಳಕಿನಲ್ಲಿ ಕೆಲಸ ಮಾಡಿಕೊಂಡೆ. ಹಾವಸೆ ಕಟ್ಟುತ್ತಿದ್ದ ಪ್ಯಾನಲ್‌ಗಳನ್ನು ಮಗ ದಿನವೂ ಕೊಡೆ ಹಿಡಿದು ಬಟ್ಟೆಯಿಂದ ಒರೆಸಿದ. ಹನ್ನೊಂದನೆಯ ದಿನ ಬೆಳಿಗ್ಗೆ ಮೀಟರ್ 12.2 ತೋರಿಸಿತು. ಮಾವ ಇಳಿಸಬೇಡವೆಂದಿದ್ದ ಗೆರೆ ಅದೇ. ಅಂದು ಸಂಜೆ, ಸೊಂಟದವರೆಗಿನ ಗದ್ದೆಯ ಕೆಸರಿನಲ್ಲಿ ಕಂಬ ಹೊತ್ತು ನಿಲ್ಲಿಸಿದ ಲೈನ್‌ಮನ್‌ಗಳು ಕರೆಂಟ್ ಕೊಟ್ಟರು. ಅವರಲ್ಲಿ ಇಬ್ಬರು ನಮ್ಮ ಜಗುಲಿಯಲ್ಲಿ ಕುಳಿತು ಕಾಫಿ ಕುಡಿದು ಹೋದರು. ಅವರಿಗೆ ನಾನು ಎಷ್ಟು ಹೇಳಿದರೂ ಸಾಲದು.

ಬ್ಯಾಟರಿಯ ಆಮ್ಲದ ಸಾಂದ್ರತೆ ಅಳೆಯಲು ಮಾವ ಕೊಟ್ಟ ಹೈಡ್ರೋಮೀಟರ್ ಮತ್ತು ನನ್ನ ಮಲ್ಟಿಮೀಟರ್ ಜಗುಲಿಯ ಗೂಡಿನಲ್ಲಿವೆ. ಅಕ್ಕಪಕ್ಕದ ಹಳ್ಳಿಗಳಲ್ಲಿ ಯಾರಿಗಾದರೂ ಹಳೆಯ ಪ್ಯಾನಲ್ ಸಿಕ್ಕಿದ್ದು, ಅದನ್ನು ಅಳೆದು ನೋಡಬೇಕಿದ್ದರೆ ಹಾಲು ಕರೆಯುವ ಹೊತ್ತಿಗೆ ಮುಂಚೆ, ಸಂಜೆ ನಾಲ್ಕರ ಸುಮಾರಿಗೆ ಮನೆಗೆ ಬನ್ನಿ.