ಮಗಳಿಗೊಂದು ಪತ್ರ: ಆರನೆಯವರಾಗಿ ಇಳಿದವರು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ "ಅಪ್ಪಾ, ಮೊದಲ ಐವರಲ್ಲಿ ನನ್ನ ಹೆಸರಿಲ್ಲ" ಅಂದೆ. ಆಮೇಲೆ ಮಾತೇ ಆಡಲಿಲ್ಲ. ನನಗೂ ಆಗ ಏನೂ ತೋಚಲಿಲ್ಲ. ರಾತ್ರಿ ಮಲಗಿದ ಮೇಲೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡ ಬಾಸ್ಟನ್ ಸೆಲ್ಟಿಕ್ಸ್ ನೆನಪಾಯಿತು. ನೀನು ಚಿಕ್ಕವಳಿದ್ದಾಗ ಆ ಹಸಿರು ಜೆರ್ಸಿಯವರ ಹಳೇ ಆಟಗಳನ್ನು ಇಬ್ಬರೂ ಕೂತು ನೋಡುತ್ತಿದ್ದೆವು, ಅಲ್ವಾ?

ವಾಲ್ಟರ್ ಬ್ರೌನ್ ಆ ತಂಡ ಕಟ್ಟಿದ್ದು 1946ರಲ್ಲಿ. ಶುರುವಿನ ವರ್ಷಗಳಲ್ಲಿ ಸೋಲೇ ಜಾಸ್ತಿ. 1950ರಲ್ಲಿ ರೆಡ್ ಔರ್‌ಬ್ಯಾಕ್ ಕೋಚ್ ಆಗಿ ಬಂದರು, 1956ರಲ್ಲಿ ಆಟಗಾರ ಬಿಲ್ ರಸೆಲ್ ಸೇರಿಕೊಂಡರು. 1957ರಲ್ಲಿ ಎನ್‌ಬಿಎಯ, ಅಂದರೆ ಅಲ್ಲಿನ ದೊಡ್ಡ ಲೀಗಿನ, ಮೊದಲ ಪ್ರಶಸ್ತಿ. ಆಮೇಲೆ 1959ರಿಂದ 1966ರವರೆಗೆ ಒಂದು ವರ್ಷವೂ ಬಿಡದೆ ಎಂಟು! ಇದೆಲ್ಲ ನಿನಗೆ ಬಾಯಿಪಾಠ. ನಾನು ಹೇಳಬೇಕೆಂದಿರುವುದು ಅವರ ಬೆಂಚಿನಲ್ಲಿ ಕೂರುತ್ತಿದ್ದ ಬದಲಿ ಆಟಗಾರರ ಬಗ್ಗೆ.

ಫ್ರಾಂಕ್ ರಾಮ್ಸಿ ಅಂತ ಒಬ್ಬರಿದ್ದರು. ಒಳ್ಳೇ ಆಟಗಾರ, ಮೊದಲ ಐವರಲ್ಲಿ ಸಲೀಸಾಗಿ ಆಡಬಹುದಿತ್ತು. ಔರ್‌ಬ್ಯಾಕ್ ಅವರನ್ನು ಬೇಕಂತಲೇ ಕೂರಿಸಿದರು. ಅವರ ಲೆಕ್ಕ ಸರಳ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಎದುರಾಳಿಗಳು ದಣಿಯುತ್ತಾರೆ, ಅವರ ಕೋಚ್ ಎರಡನೇ ಸಾಲಿನವರನ್ನು ಇಳಿಸುತ್ತಾನೆ. ಸರಿಯಾಗಿ ಆಗ ಈ ಕಡೆಯಿಂದ ಹೊಸ ಉಸಿರಿನ ರಾಮ್ಸಿ ಒಳಗೆ. ಆಟ ಯಾರು ಶುರು ಮಾಡುತ್ತಾರೆ ಅನ್ನುವುದಕ್ಕಿಂತ ಕೊನೆಯಲ್ಲಿ ಯಾರು ಕೋರ್ಟಿನಲ್ಲಿ ಇರುತ್ತಾರೆ ಅನ್ನುವುದೇ ಔರ್‌ಬ್ಯಾಕ್‌ಗೆ ಮುಖ್ಯ. 'ಆರನೇ ಆಟಗಾರ' ಅನ್ನುವ ಮಾತಿಗೆ ತೂಕ ಬಂದದ್ದು ಹೀಗೆ. ರಾಮ್ಸಿ ಏಳು ಪ್ರಶಸ್ತಿ ಗೆದ್ದರು.

ಅವರ ಜಾಗಕ್ಕೆ ಬಂದವರು 1962ರಲ್ಲಿ ಸೇರಿದ ಜಾನ್ ಹ್ಯಾವ್ಲಿಚೆಕ್. 1965ರ ಏಪ್ರಿಲ್ 15ರ ಆಟ ನೆನಪಿದೆಯಾ? ಫಿಲಡೆಲ್ಫಿಯಾ ವಿರುದ್ಧ ಸರಣಿಯ ಏಳನೇ, ಕೊನೆಯ ಪಂದ್ಯ. ಬಾಸ್ಟನ್ 110, ಅವರು 109, ಉಳಿದದ್ದು ಐದೇ ಸೆಕೆಂಡು. ರಸೆಲ್ ಗೆರೆಯಾಚೆಯಿಂದ ಎಸೆದ ಚೆಂಡು ಬ್ಯಾಕ್‌ಬೋರ್ಡಿಗೆ ಬಿಗಿದ ತಂತಿಗೆ ತಗುಲಿತು. ಚೆಂಡು ಎದುರಾಳಿಗಳ ಪಾಲು! ಅಷ್ಟು ದೊಡ್ಡ ರಸೆಲ್, ನನ್ನಿಂದ ತಪ್ಪಾಯಿತು, ಯಾರಾದರೂ ಕಾಪಾಡಿ ಅಂತ ಜೊತೆಯವರನ್ನು ಕೇಳಿಕೊಂಡರು.

ಫಿಲಡೆಲ್ಫಿಯಾದ ಹಾಲ್ ಗ್ರೀರ್ ಚೆಂಡು ಹಿಡಿದು ಗೆರೆಯಾಚೆ ನಿಂತರು. ನಿಯಮದ ಪ್ರಕಾರ ಐದು ಸೆಕೆಂಡಿನೊಳಗೆ ಎಸೆಯಲೇಬೇಕು. ಹ್ಯಾವ್ಲಿಚೆಕ್ ಮನಸ್ಸಿನಲ್ಲೇ ಎಣಿಸತೊಡಗಿದರು. ಒಂದು, ಎರಡು, ಮೂರು. ನಾಲ್ಕಕ್ಕೆ ಬರುವಾಗ ಓರೆಗಣ್ಣಿನಿಂದ ತಿರುಗಿ ನೋಡಿದರು. ಚೆಂಡು ಚೆಟ್ ವಾಕರ್ ಕಡೆಗೆ ಮೇಲಿಂದ ತೇಲಿ ಬರುತ್ತಿತ್ತು. ಹಾರಿ ಕೈ ತಾಗಿಸಿದರು, ಚೆಂಡು ಜೊತೆಗಾರ ಸ್ಯಾಮ್ ಜೋನ್ಸ್ ಕೈಗೆ. ಮುಗಿಯಿತು. ರೇಡಿಯೊದಲ್ಲಿ ವೀಕ್ಷಕ ವಿವರಣೆಗಾರ ಜಾನಿ ಮೋಸ್ಟ್ ಗಂಟಲು ಹರಿಯುವಂತೆ ಕೂಗಿದ್ದು ಇವತ್ತಿಗೂ ಕೇಳಲು ಸಿಗುತ್ತದೆ. ಆ ಎಣಿಕೆಯನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹ್ಯಾವ್ಲಿಚೆಕ್ 16 ಸೀಸನ್ ಆಡಿದರು, ಎಂಟು ಪ್ರಶಸ್ತಿ ಗೆದ್ದರು. ಅವರ 26,395 ಪಾಯಿಂಟ್‌ಗಳನ್ನು ಆ ತಂಡದಲ್ಲಿ ಇನ್ನೂ ಯಾರೂ ದಾಟಿಲ್ಲ.

ಇನ್ನೊಬ್ಬರ ವಿಷಯ ಹೇಳದಿದ್ದರೆ ಸಮಾಧಾನವಿಲ್ಲ. ಬಿಲ್ ವಾಲ್ಟನ್. 1977ರಲ್ಲಿ ಪೋರ್ಟ್‌ಲ್ಯಾಂಡಿಗೆ ಪ್ರಶಸ್ತಿ ತಂದುಕೊಟ್ಟವರು, ಮರುವರ್ಷ ಎನ್‌ಬಿಎಯ ಅತ್ಯುತ್ತಮ ಆಟಗಾರ. ಆಮೇಲೆ ಪಾದದ ಮೂಳೆಗಳು ಪದೇ ಪದೇ ಮುರಿದು ವರ್ಷಗಳೇ ಹೋದವು. ಅಂಥವರು 1985ರಲ್ಲಿ ಸೆಲ್ಟಿಕ್ಸ್‌ಗೆ ಬಂದು ಬೆಂಚಿನಲ್ಲಿ ಕೂತರು. ಅಲ್ಲಿಂದ ಎದ್ದು ಬಂದು ಆಡಿದರು. 1986ರಲ್ಲಿ ತಂಡಕ್ಕೆ ಪ್ರಶಸ್ತಿ, ವಾಲ್ಟನ್‌ಗೆ ಆ ವರ್ಷದ ಅತ್ಯುತ್ತಮ ಆರನೇ ಆಟಗಾರ ಅನ್ನುವ ಬಹುಮಾನ. ಈಗ ಆ ಬಹುಮಾನಕ್ಕೆ ಹ್ಯಾವ್ಲಿಚೆಕ್ ಹೆಸರನ್ನೇ ಇಟ್ಟಿದ್ದಾರೆ.

ನಿನಗೆ ಬೇಜಾರಾಗಿದೆ, ಗೊತ್ತು. ಬೇಜಾರು ಮಾಡ್ಕೋಬೇಡ ಅಂತ ಸುಮ್ನೆ ಹೇಳಲಾರೆ. ಶನಿವಾರ ಬೆಂಚಿನಲ್ಲಿ ಕೂತಾಗ ಒಂದು ಕೆಲಸ ಮಾಡು. ಗೆರೆಯಾಚೆಯಿಂದ ಚೆಂಡು ಎಸೆಯುವ ಹುಡುಗಿಯನ್ನು ನೋಡುತ್ತಾ ಎಣಿಸು. ಎಷ್ಟನೇ ಎಣಿಕೆಗೆ ಬಿಡುತ್ತಾಳೆ, ಬಿಡುವ ಮುಂಚೆ ಯಾವ ಕಡೆ ನೋಡುತ್ತಾಳೆ, ಸಂಜೆ ನನಗೆ ಫೋನ್ ಮಾಡಿ ಹೇಳು. ಕೋಚ್ ನಿನ್ನನ್ನು ಎಷ್ಟನೇ ನಿಮಿಷಕ್ಕೆ ಒಳಗೆ ಕರೆದರು ಅನ್ನುವುದನ್ನೂ.

ನಿನ್ನ
ಅಪ್ಪ