ಕಟ್ಟಿದ ಹಣಕ್ಕೂ ಲೇಟ್ ಫೀ ಹಾಕಿದ್ದರ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ನನ್ನ ಕ್ಲೈಂಟ್‌ಗೆ ತಪ್ಪು ಲೆಕ್ಕದ ಲೇಟ್ ಫೀ ಕಳಿಸಿರುವುದು

ಮಾನ್ಯರೇ,

ನಾನು ಸ್ವಂತವಾಗಿ ಡಿಸೈನ್ ಕೆಲಸ ಮಾಡುವವಳು. ಮೂರು ವರ್ಷದಿಂದ ನಿಮ್ಮ ಸಾಫ್ಟ್‌ವೇರ್‌ನಲ್ಲೇ ಬಿಲ್ ಮಾಡುತ್ತಿದ್ದೇನೆ. ಇಷ್ಟು ದಿನ ದೂರು ಹೇಳುವ ಸಂದರ್ಭ ಬಂದಿರಲಿಲ್ಲ. ಹೋದ ವಾರ ನನ್ನ ಹಳೆಯ ಕ್ಲೈಂಟ್ ಒಬ್ಬರು ಫೋನ್ ಮಾಡಿ, "ಮೇಡಂ, ನಾವು ಕಟ್ಟಿರೋ ದುಡ್ಡಿಗೂ ಫೀ ಹಾಕಿದ್ದೀರಲ್ಲ?" ಅಂದರು. ಏನು ಉತ್ತರ ಕೊಡಬೇಕೋ ನನಗೆ ತಿಳಿಯಲಿಲ್ಲ. ಸಾಫ್ಟ್‌ವೇರ್ ತಾನಾಗಿಯೇ ಕಳಿಸಿದ ಆ ಇನ್ವಾಯ್ಸ್ (ಬಿಲ್) ಹೋಗಿದ್ದು ನನ್ನ ಹೆಸರಿನಲ್ಲಿ. ನಾನು ಅದನ್ನು ನೋಡಿಯೇ ಇರಲಿಲ್ಲ.

ಆ ಕ್ಲೈಂಟ್ ಜೊತೆಗಿನ ನನ್ನ ಒಪ್ಪಂದ ಸ್ಪಷ್ಟವಾಗಿದೆ. ಬಿಲ್ ಕೊಟ್ಟ 30 ದಿನದೊಳಗೆ ಹಣ ಬರಬೇಕು. ತಡವಾದರೆ ಉಳಿದ ಬಾಕಿಯ ಮೇಲೆ ತಿಂಗಳಿಗೆ ಶೇ. 1.5 ಲೇಟ್ ಫೀ, ಸರಳ ಬಡ್ಡಿಯ ಲೆಕ್ಕದಲ್ಲಿ. ಕೆಲಸ ಶುರುವಾಗುವ ಮೊದಲೇ ಇಬ್ಬರೂ ಸಹಿ ಹಾಕಿದ್ದೇವೆ. ಅವರು 22ನೇ ದಿನವೇ ಬಿಲ್ಲಿನ ಮುಕ್ಕಾಲು ಭಾಗ ಕಟ್ಟಿದರು. ಉಳಿದ ಕಾಲು ಭಾಗ ಗಡುವು ದಾಟಿ ಎರಡು ತಿಂಗಳಾದರೂ ಬಂದಿಲ್ಲ. ಆ ಕಾಲು ಭಾಗಕ್ಕೆ ಫೀ ಹಾಕುವುದು ನ್ಯಾಯವೇ, ಅದರಲ್ಲಿ ನನಗೆ ಸಂಕೋಚವಿಲ್ಲ.

ಲೆಕ್ಕ ಸುಲಭವಾಗಲಿ ಅಂತ ಬಿಲ್ 10,000 ಅಂದುಕೊಳ್ಳಿ. ಬಾಕಿ 2,500. ತಿಂಗಳಿಗೆ 37.50ರಂತೆ ಎರಡು ತಿಂಗಳಿಗೆ 75 ಆಗಬೇಕು. ನಿಮ್ಮ ಸಾಫ್ಟ್‌ವೇರ್ ಮೊದಲ ತಿಂಗಳು 150 ಹಾಕಿದೆ, ಎರಡನೇ ತಿಂಗಳು 152.25. ಒಟ್ಟು 302.25. ಸರಿಯಾದ ಲೆಕ್ಕದ ನಾಲ್ಕು ಪಟ್ಟಿಗಿಂತ ಜಾಸ್ತಿ!

ಇದು ಹೇಗಾಯಿತು ಅಂತ ಒಂದು ರಾತ್ರಿ ಕೂತು ಹುಡುಕಿದೆ. ಬ್ಯಾಂಕಿನಿಂದ ಬಂದ ಆ ಮುಕ್ಕಾಲು ಭಾಗವನ್ನು ಸಾಫ್ಟ್‌ವೇರ್ ಈ ಬಿಲ್ಲಿಗೆ ಜಮಾ ಮಾಡದೆ, ಕ್ಲೈಂಟ್ ಖಾತೆಯಲ್ಲಿ ಸುಮ್ನೆ ಮುಂಗಡ ಅಂತ ಇಟ್ಟುಬಿಟ್ಟಿದೆ. ಹಾಗಾಗಿ ಬಿಲ್ ಪೂರ್ತಿ ಬಾಕಿ ಇದ್ದಂತೆ ಕಂಡಿದೆ. ಇನ್ನೊಂದು, ಲೇಟ್ ಫೀಯನ್ನು ಅದೇ ಬಿಲ್ಲಿನೊಳಗೆ ಒಂದು ಸಾಲಾಗಿ ಸೇರಿಸಿದೆ. ಮುಂದಿನ ತಿಂಗಳು ಆ ಫೀಗೂ ಫೀ ಬಿದ್ದಿದೆ. ಇದು ಚಕ್ರಬಡ್ಡಿಯೇ ಅಲ್ವಾ? ಹೀಗೇ ಬಿಟ್ಟರೆ ವರ್ಷಕ್ಕೆ ಶೇ. 18 ಇರಬೇಕಾದ್ದು ಶೇ. 19.56 ಆಗುತ್ತದೆ. ಆ ದರಕ್ಕೆ ಯಾರೂ ಸಹಿ ಹಾಕಿಲ್ಲ. ಸೆಟ್ಟಿಂಗ್‌ನಲ್ಲಿ ನಾನು 'ಉಳಿದ ಬಾಕಿಯ ಮೇಲೆ' ಮತ್ತು 'ಸರಳ' ಅಂತಲೇ ಆರಿಸಿದ್ದೇನೆ. ಅದರ ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ.

ನಿಮ್ಮ ಸಹಾಯವಾಣಿಯವರು, "ಆಟೋಮ್ಯಾಟಿಕ್ ಫೀ ಬೇಡವಾಗಿದ್ದರೆ ನೀವೇ ಆಫ್ ಮಾಡಬಹುದಿತ್ತು" ಅಂದು ನನ್ನ ದೂರಿನ ಟಿಕೆಟ್ ಮುಚ್ಚಿದರು. ಆ ಮಾತು ನನಗೆ ನೋವು ತಂದಿತು. ಲೇಟ್ ಫೀ ಕೇಳುವುದು ಮೊದಲೇ ಕಷ್ಟದ ಕೆಲಸ. ಕೇಳಿದ್ದು ಒಪ್ಪಿದ ಮಾತಿನಂತೆಯೇ ಇದ್ದರೆ ಎದುರಿನವರು ಮುಖ ಗಂಟಿಕ್ಕಿದರೂ ಕೊಡುತ್ತಾರೆ. ಒಂದು ಅಂಕಿ ತಪ್ಪಿದರೂ ತಡ ಮಾಡಿದ ತಪ್ಪು ಅವರದ್ದಾಗಿ ಉಳಿಯುವುದಿಲ್ಲ, ದುರಾಸೆಯ ಅಪವಾದ ನನ್ನ ಮೇಲೆ ಬರುತ್ತದೆ. ಈಗ ಆಗಿರುವುದು ಅದೇ. ಲೆಕ್ಕ ಸರಿಯಾಗುವವರೆಗೆ ಉಳಿದ ಹಣವನ್ನೂ ಕೊಡುವುದಿಲ್ಲ ಅಂತ ಕ್ಲೈಂಟ್ ಹೇಳಿದ್ದಾರೆ.

ದಯವಿಟ್ಟು ಆ ಎರಡೂ ಫೀ ರದ್ದು ಮಾಡಿ, ಬಂದ ಹಣವನ್ನು ಅದು ಬಂದ ದಿನಾಂಕಕ್ಕೇ ಈ ಬಿಲ್ಲಿಗೆ ಜಮಾ ಮಾಡಿ, ಸರಿಯಾದ ಲೆಕ್ಕ ಕೊಡಿ. ತಪ್ಪು ಸಾಫ್ಟ್‌ವೇರ್‌ನದ್ದು ಅಂತ ನನ್ನ ಕ್ಲೈಂಟ್‌ಗೆ ನಿಮ್ಮ ಕಂಪನಿಯಿಂದಲೇ ಒಂದು ಪತ್ರ ಹೋಗಬೇಕು. ನನಗೆ ಎಲ್ಲಕ್ಕಿಂತ ಮುಖ್ಯ ಇದು. ಮುಂದೆ ಲೇಟ್ ಫೀ ಬೇರೆ ಬಿಲ್ಲಾಗಿ ಬರಲಿ, ನಾನು ನೋಡಿ ಒಪ್ಪಿದ ಮೇಲಷ್ಟೇ ಹೊರಗೆ ಹೋಗಲಿ.

10 ದಿನದೊಳಗೆ ಲಿಖಿತ ಉತ್ತರ ಕೊಡಿ. ಅಲ್ಲಿಯವರೆಗೆ ಆಟೋಮ್ಯಾಟಿಕ್ ಫೀ ನಿಲ್ಲಿಸಿ, ಎಲ್ಲ ಬಿಲ್ಲುಗಳ ಲೆಕ್ಕವನ್ನು ಕೈಯಲ್ಲೇ ಮಾಡುತ್ತಿದ್ದೇನೆ.

ಇಂತಿ,
ನಿಮ್ಮ ಚಂದಾದಾರಳು