ಇಂಕಿನ ಕಲೆಗೆ ಬ್ಲೀಚ್ ಮೊದಲ ಮದ್ದಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಗೃಹಿಣಿಯರ ಅಂಕಣದಲ್ಲಿ ಈಚೆಗೆ ಶಾಯಿ ಪೆನ್ನಿನ ಕಲೆಗೆ ‘ಬ್ಲೀಚ್ ಹಚ್ಚಿ, ಹೋಗದಿದ್ದರೆ ನಿಂಬೆರಸ ಹಿಂಡಿ’ ಎಂದು ಒಂದೇ ಸಾಲಿನಲ್ಲಿ ಪರಿಹಾರ ಸೂಚಿಸಲಾಗಿತ್ತು. ಕಾಫಿ ತೋಟದಲ್ಲಿ ಮೂವತ್ತು ವರ್ಷ ರೈಟರಾಗಿ (ಗುಮಾಸ್ತನಾಗಿ) ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆದು, ಬೆರಳ ಸಂದಿನಲ್ಲಿ ಇಂಕಿಲ್ಲದ ದಿನವನ್ನೇ ಕಾಣದ ನಾನು, ಆ ಸಲಹೆಯನ್ನು ನಮ್ಮ ಮನೆಯಲ್ಲಿ ಅಕ್ಷರಶಃ ಪಾಲಿಸಿದ್ದರಿಂದ ಆದದ್ದನ್ನು ತಿಳಿಸಲೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೊಮ್ಮಗ ನನ್ನ ಹಳೆಯ ಬಾಟಲಿಯಿಂದ ನೀಲಿ-ಕಪ್ಪು ಇಂಕನ್ನು ತುಂಬಿಸಿಕೊಂಡು ಶಾಲೆಗೆ ಹೋಗಿದ್ದ. ಸಂಜೆ ಬರುವಾಗ ಸಮವಸ್ತ್ರದ ಬಿಳಿ ಅಂಗಿಯ ಜೇಬಿನ ಕೆಳಗೆ ಅಂಗೈಯಗಲದ ಕಲೆ. ಸೊಸೆ ಬ್ಲೀಚ್ ಸುರಿದೊಡನೆ ನೀಲಿಯೆಲ್ಲ ನೋಡನೋಡುತ್ತಲೇ ಮಾಯವಾಯಿತು. ಆದರೆ ಆ ಜಾಗದಲ್ಲಿ ತುಕ್ಕಿನ ಬಣ್ಣದ ಅಂಚೊಂದು ಎದ್ದು ನಿಂತಿತು. ಗಾಬರಿಯಲ್ಲಿ ಅಂಗಿಯನ್ನು ಜಾಲಿಸದೆಯೇ ಅದರ ಮೇಲೆ ನಿಂಬೆಹಣ್ಣು ಹಿಂಡಿದಳು. ಕಕ್ಕಡದ (ಕೊಡಗಿನಲ್ಲಿ ಜೋರು ಮಳೆಯ ತಿಂಗಳು) ಮಳೆಯ ಎರಚಲಿಗೆಂದು ಬಚ್ಚಲುಮನೆಯ ಕಿಟಕಿಯನ್ನು ಭದ್ರವಾಗಿ ಮುಚ್ಚಿದ್ದೆವು. ಘಾಟಿನ ಹೊಗೆಗೆ ಅವಳು ಕಣ್ಣು ಬಿಡಲಾಗದೆ ಕೆಮ್ಮುತ್ತಿದ್ದುದು ಜಗಲಿಯಲ್ಲಿದ್ದ ನನಗೆ ಕೇಳಿಸಿದ್ದರಿಂದ, ಬಾಗಿಲು ತೆಗೆಸಿ ಹೊರಗೆ ಕರೆತಂದೆವು. ಬ್ಲೀಚಿಗೆ ಹುಳಿ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ; ಅಮೋನಿಯ ಸೇರಿದರೂ ವಿಷಾನಿಲವೇ. ಅಂಕಣದ ಆ ಒಂದು ಸಾಲಿನ ಜೊತೆಗೆ ಈ ಎಚ್ಚರಿಕೆಯ ಮಾತೂ ಇರಬೇಕಾಗಿತ್ತು.

ತುಕ್ಕಿನ ಬಣ್ಣ ಎಲ್ಲಿಂದ ಬಂತೆಂದು ಕೇಳುವವರು ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಕತ್ತಿಯನ್ನು ನೆನೆಯಬೇಕು. ಕಾಯಿಯ ಒಗರು ಕಬ್ಬಿಣಕ್ಕೆ ತಾಗಿ ಕತ್ತಿ ಕಪ್ಪಾಗುತ್ತದೆಯಲ್ಲವೇ? ಹಳೆಯ ಬಗೆಯ ನೀಲಿ-ಕಪ್ಪು ಇಂಕು ಆಗುವುದೂ ಅದೇ ರೀತಿಯಲ್ಲಿ: ಟ್ಯಾನಿನ್ ಎಂಬ ಒಗರು ಮತ್ತು ಕಬ್ಬಿಣದ ಲವಣ ಸೇರಿ, ಗಾಳಿ ತಾಗಿದಂತೆ ಕಪ್ಪಾಗುತ್ತಾ ಹೋಗುತ್ತವೆ, ಬರೆಯುವಾಗ ಅಕ್ಷರ ಕಾಣಲೆಂದು ಅದಕ್ಕೆ ನೀಲಿ ಬಣ್ಣ ಬೆರೆಸಿರುತ್ತಾರೆ. ಬ್ಲೀಚ್ ಆ ನೀಲಿಯನ್ನು ಅಳಿಸುತ್ತದೆ, ಕಬ್ಬಿಣವನ್ನು ಬಟ್ಟೆಯಲ್ಲೇ ಬಿಟ್ಟು ತುಕ್ಕಾಗಿಸುತ್ತದೆ. ಇಂಥ ಕಲೆಗೆ ಬ್ಲೀಚಿನ ಗೊಡವೆಯೇ ಬೇಡ, ಮೊದಲಿನಿಂದಲೂ ನಿಂಬೆರಸ ಮತ್ತು ಉಪ್ಪೇ ಸರಿ. ಹುಳಿ ಎಂದೊಡನೆ ನಮ್ಮ ಕೊಡಗಿನವರಿಗೆ ಅಡುಗೆಗೆ ಹಾಕುವ ಕಾಚಂಪುಳಿ ಎಂಬ ಹುಳಿರಸ ನೆನಪಾದೀತು. ಆದರೆ ಅದೇ ಕಪ್ಪಗಿರುವುದರಿಂದ ಅದನ್ನು ಹಂದಿಮಾಂಸದ ಪಂದಿ ಕರಿಗೆ ಉಳಿಸಿಕೊಳ್ಳುವುದು ಲೇಸು. ಈಗ ಮಾರಾಟವಾಗುವ ನೀಲಿ-ಕಪ್ಪು ಇಂಕುಗಳಲ್ಲಿ ಕೆಲವುಗಳಲ್ಲಿ ಮಾತ್ರ ಕಬ್ಬಿಣ ಇರುತ್ತದೆಂಬುದನ್ನೂ ಹೇಳಬೇಕು, ತೊಡಕಿರುವುದೇ ಅಲ್ಲಿ.

ಮಕ್ಕಳು ಸಾಮಾನ್ಯವಾಗಿ ಬಳಸುವ ರಾಯಲ್ ಬ್ಲೂ ಇಂಕು ನೀರಿನಲ್ಲಿ ಕರಗುವ ಬಣ್ಣವಷ್ಟೇ. ಹಸಿಯಾಗಿರುವಾಗಲೇ ಕಲೆಯ ಕೆಳಗೆ ಹಳೆಯ ಬಟ್ಟೆಯನ್ನು ಮಡಿಸಿಟ್ಟು, ಉಜ್ಜದೆ ಮೇಲಿನಿಂದ ಒತ್ತಿ ಹೀರಿಸಿ, ಅನಂತರ ಅಂಗಿಯನ್ನು ಒಳಮಗ್ಗುಲು ಮೇಲಾಗಿ ತಿರುಗಿಸಿ ತಣ್ಣೀರಿನ ಧಾರೆ ಬಿಟ್ಟರೆ, ಬಂದ ದಾರಿಯಲ್ಲೇ ಬಣ್ಣ ಹಿಂದಿರುಗುತ್ತದೆ. ಉಳಿದ ನಸುಬಣ್ಣಕ್ಕೆ ಪಾತ್ರೆ ತೊಳೆಯುವ ದ್ರವವನ್ನು ಹಚ್ಚಿ ಅರ್ಧ ಗಂಟೆ ಬಿಡಬಹುದು. ಬಿಸಿನೀರು ಕೂಡದು, ಇಸ್ತ್ರಿಯಂತೂ ಕೂಡವೇ ಕೂಡದು. ಮಳೆಗಾಲದಲ್ಲಿ ಬಟ್ಟೆಯನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕುವುದು ನಮ್ಮೂರಿನ ರೂಢಿ. ಕಲೆ ಪೂರ್ತಿ ಹೋಗುವ ಮೊದಲು ಹಾಗೆ ಹಾಕಿದರೆ ಬಿಸಿಗೆ ಅದು ನಾರಿನಲ್ಲಿ ಕಚ್ಚಿಕೊಳ್ಳುತ್ತದೆ. ಹಾಲಿನಲ್ಲಿ ನೆನೆಸುವ ಅಜ್ಜಿಯ ಮದ್ದು ಕಲೆ ಒಣಗದಂತೆ ತಡೆಯುತ್ತದೆಂಬುದನ್ನು ಒಪ್ಪುತ್ತೇನೆ, ಆದರೆ ನೀರೂ ಆ ಕೆಲಸ ಮಾಡುತ್ತದೆ, ಹುಳಿವಾಸನೆಯೂ ಇರುವುದಿಲ್ಲ. ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಕೆಲಸಕ್ಕೆ ಬರುವುದು ಹೆಚ್ಚಾಗಿ ಬಾಲ್ ಪೆನ್ನಿನ ಎಣ್ಣೆಯಂಥ ಶಾಯಿಗೆ. ನೀರಿನಲ್ಲಿ ಕರಗದ ಬಣ್ಣದ ಕಣಗಳಿರುವ ಪಿಗ್ಮೆಂಟ್ ಇಂಕು ಒಣಗಿಬಿಟ್ಟರೆ ಮಾತ್ರ ಇವಾವುವೂ ಹೆಚ್ಚು ನಡೆಯುವುದಿಲ್ಲ.

ರೇಷ್ಮೆ ಮತ್ತು ಉಣ್ಣೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮದುವೆಯ ಮನೆಯಲ್ಲಿ ಮುಯ್ಯಿ ಬರೆಯಲು ಕುಳಿತವರ ಸೊಂಟದ ಚೇಲೆಗೆ (ರೇಷ್ಮೆಯ ನಡುಪಟ್ಟಿಗೆ) ಒಂದು ಹನಿ ಬಿದ್ದರೂ ಬ್ಲೀಚ್ ಮುಟ್ಟಿಸಬಾರದು, ಏಕೆಂದರೆ ಅದು ಬಣ್ಣದೊಡನೆ ರೇಷ್ಮೆಯ ಎಳೆಯನ್ನೇ ತಿನ್ನುತ್ತದೆ. ಹತ್ತಿಯಿಂದ ಸುಲಭವಾಗಿ ಬಿಡುವ ಇಂಕಿನ ಬಣ್ಣಗಳು ರೇಷ್ಮೆ, ಉಣ್ಣೆಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ, ಅವು ಪ್ರೋಟೀನಿನ ನಾರುಗಳಾದ್ದರಿಂದ.

ನಮ್ಮ ಚರ್ಮ, ಉಗುರುಗಳೂ ಪ್ರೋಟೀನೇ, ಆದ್ದರಿಂದಲೇ ಬೆರಳಿನ ಕಲೆ ಅಂಗಿಯದಕ್ಕಿಂತ ಹಟಮಾರಿ. ಆದರೆ ಬಣ್ಣ ನಿಲ್ಲುವುದು ಚರ್ಮದ ಹೊರಪದರದಲ್ಲಿ, ಆ ಪದರವೋ ದಿನವೂ ಸವೆಯುತ್ತಿರುತ್ತದೆ. ಸೋಪು, ಉಗುರುಬೆಚ್ಚಗಿನ ನೀರು, ಉಗುರಿನ ಸಂದಿಗೆ ಹಳೆಯ ಟೂತ್‌ಬ್ರಷ್ ಇಷ್ಟು ಸಾಕು. ನಾಲ್ಕು ಪಾತ್ರೆ ತೊಳೆದರೆ ಇನ್ನೂ ಒಳ್ಳೆಯದು. ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಮಾಡಿದ ಕೈ ನೇರಳೆಯಾದರೆ ಯಾರೂ ಥಿನ್ನರ್ ಹುಡುಕುವುದಿಲ್ಲವಷ್ಟೆ. ಇಂಕಿಗೂ ಅದೇ ತಾಳ್ಮೆ ಸಲ್ಲುತ್ತದೆ. ಬ್ಲೀಚ್, ಪೆಟ್ರೋಲ್, ಮರಳುಕಾಗದಗಳನ್ನು ಮಕ್ಕಳ ಕೈಗೆ ತಾಗಿಸಲೇಬಾರದು. 1962ರ ಚುನಾವಣೆಯಿಂದ ಮೈಸೂರಿನ ಕಾರ್ಖಾನೆ ಪೂರೈಸುತ್ತಿರುವ ಮತಗಟ್ಟೆಯ ಶಾಯಿಯ ಮಾತು ಬೇರೆ: ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಸೇರಿ ಬೆಳಕಿಗೆ ಕಪ್ಪಾಗುವುದರಿಂದ, ಚರ್ಮ ಸವೆದು ಉಗುರು ಬೆಳೆಯುವವರೆಗೆ ಕಾಯದೆ ಗತ್ಯಂತರವಿಲ್ಲ.

ಇಂಕು ತಯಾರಕರಲ್ಲಿ ನನ್ನ ಕೋರಿಕೆ ಇಷ್ಟೇ. ಕೆಲವು ಬಾಟಲಿಗಳ ಮೇಲೆ ‘ವಾಷಬಲ್’, ‘ಪರ್ಮನೆಂಟ್’ ಎಂದಿರುತ್ತದೆ, ಕೆಲವುಗಳ ಮೇಲೆ ಬಣ್ಣದ ಹೆಸರು ಬಿಟ್ಟರೆ ಏನೂ ಇಲ್ಲ. ಒಳಗಿರುವುದು ನೀರಿನಲ್ಲಿ ಕರಗುವ ಬಣ್ಣವೋ, ಕಬ್ಬಿಣದ ಶಾಯಿಯೋ, ಪಿಗ್ಮೆಂಟೋ ಎಂಬುದನ್ನು ಕನ್ನಡದಲ್ಲಿ ಒಂದು ಸಾಲು ಅಚ್ಚು ಹಾಕಿದರೆ, ಕಲೆಯಾದಾಗ ಬ್ಲೀಚ್ ಹಿಡಿಯಬೇಕೋ ನಿಂಬೆ ಹಿಡಿಯಬೇಕೋ ಎಂಬುದು ಮನೆಯವರಿಗೆ ತಿಳಿಯುತ್ತದೆ. ತಮ್ಮ ಅಂಕಣದಲ್ಲಿಯೂ ಆ ಸಲಹೆಗೊಂದು ತಿದ್ದುಪಡಿ ಪ್ರಕಟವಾಗಲಿ ಎಂದು ಕೋರುತ್ತೇನೆ. ಅಂಗಿಯನ್ನು ಚೆನ್ನಾಗಿ ಜಾಲಿಸಿ, ಮಳೆ ಬಿಟ್ಟ ಎರಡು ದಿನ ನಿಂಬೆರಸ ಹಚ್ಚಿ ಬಿಸಿಲಿಗೆ ಹಾಕಿದ ಮೇಲೆ ತುಕ್ಕಿನ ಅಂಚು ತಿಳಿ ಚಹಾದ ಬಣ್ಣಕ್ಕೆ ಇಳಿದಿದೆ. ಮೊಮ್ಮಗ ಅದನ್ನೇ ತೊಟ್ಟು ಶಾಲೆಗೆ ಹೋಗುತ್ತಿದ್ದಾನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ತೋಟದ ರೈಟರು,
ಸಿದ್ದಾಪುರ, ಕೊಡಗು